ಎಡಿನ್‌ಬರೋ ಕೋಟೆಯ ನೆಲಮಾಳಿಗೆಯಲ್ಲಿ

ಕೋಟೆ ನೋಡಲು ಹೋದವರು ಮೊದಲು ಕೇಳುವುದು ಅರಮನೆ ಎಲ್ಲಿ, ಕಿರೀಟ ಎಲ್ಲಿ, ದೊಡ್ಡ ಫಿರಂಗಿ ಎಲ್ಲಿ ಎಂದು. ಕಳೆದ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಹೋದಾಗ ನಾನೂ ಹಾಗೆಯೇ ಕೇಳಿದೆ. ಅಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ನಕ್ಕು, "ಎಲ್ಲಾ ನೋಡೋಣ ಮಾವ. ಆದರೆ ಇಲ್ಲೊಂದು ಸೆರೆಮನೆ ಇದೆ. ವರ್ಷಾವರ್ಷ ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ಕರಕೊಂಡು ಹೋಗುವವರು ನೀವು, ಅದನ್ನು ನೋಡದೆ ಹೋಗಬಾರದು" ಎಂದ. ಅವನ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಕೋಟೆ ಇರುವುದು ಊರಿನ ನಟ್ಟನಡುವೆ, ಒಂದು ಕಡಿದಾದ ಕರಿಯ ಬಂಡೆಯ ಮೇಲೆ. ಸುಮಾರು ೩೫ ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಗಂಟಲಿನಲ್ಲಿ ಹೆಪ್ಪುಗಟ್ಟಿ ನಿಂತ ಕಲ್ಲು ಅದು. ಮೂರು ದಿಕ್ಕಿಗೂ ಪ್ರಪಾತ. ಪೂರ್ವಕ್ಕೆ ಮಾತ್ರ ಇಳಿಜಾರು. ಆ ಇಳಿಜಾರನ್ನು ಹತ್ತಿ ಹೆಬ್ಬಾಗಿಲಿನ ಮುಂದಣ ಬಯಲಿಗೆ ಬಂದಾಗ, ಸ್ಮಾರಕಗಳ ಸಾಲಿನಲ್ಲಿ ಒಂದು ಕಲ್ಲಿನ ಶಿಲುಬೆ ಕಣ್ಣಿಗೆ ಬಿತ್ತು. ಅದರ ಮೇಲೆ ಆನೆಯನ್ನು ಕೆತ್ತಿದ್ದಾರೆ! ಆ ಚಳಿನಾಡಿನಲ್ಲಿ ಆನೆಗೇನು ಕೆಲಸ ಎಂದು ಹತ್ತಿರ ಹೋದೆ. ೧೮೫೭-೫೮ರ ದಂಗೆಯ ಕಾಲದಲ್ಲಿ ಇಂಡಿಯಾದಲ್ಲಿ ಸತ್ತ ೭೮ನೆಯ ಹೈಲ್ಯಾಂಡರ್ ಪಡೆಯವರ ನೆನಪಿಗೆ ೧೮೬೧ರಲ್ಲಿ ನಿಲ್ಲಿಸಿದ್ದು. ಪರದೇಶದ ಕೋಟೆಯ ಬಾಗಿಲಲ್ಲೇ ನಮ್ಮ ದೇಶದ ಹೆಸರು ಎದುರುಗೊಂಡಿತು.

ಒಳಗೆ ನೋಡುವುದಕ್ಕೆ ಬೇಕಾದಷ್ಟಿದೆ. ೧೧೩೦ರ ಸುಮಾರಿಗೆ ಒಂದನೆಯ ಡೇವಿಡ್ ದೊರೆ ತಾಯಿ ಮಾರ್ಗರೆಟ್ಟಳ ಹೆಸರಿನಲ್ಲಿ ಕಟ್ಟಿಸಿದ ಪುಟ್ಟ ಪ್ರಾರ್ಥನಾಮಂದಿರ, ಆ ನಗರದಲ್ಲಿ ಉಳಿದಿರುವ ಕಟ್ಟಡಗಳಲ್ಲೆಲ್ಲ ಹಳೆಯದು. ಅರಮನೆಯ ಒಂದು ಚಿಕ್ಕ ಕೋಣೆಯಲ್ಲಿ ೧೫೬೬ರಲ್ಲಿ ರಾಣಿ ಮೇರಿ ಹೆತ್ತ ಮಗುವೇ ಮುಂದೆ ಸ್ಕಾಟ್ಲೆಂಡ್, ಇಂಗ್ಲೆಂಡ್ ಎರಡಕ್ಕೂ ಅರಸನಾದ ಜೇಮ್ಸ್. ಆರು ಟನ್ ತೂಕದ 'ಮಾನ್ಸ್ ಮೆಗ್' ಎಂಬ ಫಿರಂಗಿಯನ್ನು ೧೪೪೯ರಲ್ಲಿ ಮಾಡಿದ್ದು. ೧೭೦೭ರಲ್ಲಿ ಎರಡು ರಾಜ್ಯಗಳೂ ಒಂದಾದ ಮೇಲೆ ಸ್ಕಾಟರ ಕಿರೀಟವನ್ನು ಇಲ್ಲಿಯೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮರೆತೇಬಿಟ್ಟಿದ್ದರು. ನೂರಕ್ಕೂ ಮಿಕ್ಕಿ ವರ್ಷಗಳಾದ ಮೇಲೆ, ೧೮೧೮ರಲ್ಲಿ, ಅದನ್ನು ತೆಗೆಸಿದವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಇದೇ ಸ್ಕಾಟ್ ೧೮೨೭ರಲ್ಲಿ ಪ್ರಕಟಿಸಿದ 'ದಿ ಸರ್ಜನ್ಸ್ ಡಾಟರ್' ಎಂಬ ಕಥೆಯಲ್ಲಿ ಹೈದರನೂ ಟಿಪ್ಪುವೂ ಪಾತ್ರಗಳಾಗಿ ಬರುತ್ತಾರೆ.

ಇವನ್ನೆಲ್ಲ ನೋಡಿದ ಮೇಲೆ ಹುಡುಗ ನನ್ನನ್ನು ನೆಲಮಾಳಿಗೆಗೆ ಇಳಿಸಿದ. ಕಲ್ಲಿನ ಕಮಾನುಗಳ ಉದ್ದನೆಯ ಕೋಣೆಗಳು, ಮಂದ ಬೆಳಕು, ಸಾಲುಸಾಲಾಗಿ ಕಟ್ಟಿದ ತೂಗುಹಾಸಿಗೆಗಳು. ೧೭೫೭ರಲ್ಲಿ ಹಿಡಿತಂದ ಒಂದು ಫ್ರೆಂಚ್ ಹಡಗಿನ ನಾವಿಕರಿಂದ ಮೊದಲಾಗಿ, ೧೮೧೪ರವರೆಗೆ, ಬ್ರಿಟನ್ನಿನ ಯುದ್ಧಗಳಲ್ಲಿ ಸಿಕ್ಕಿದ ಸೆರೆಯಾಳುಗಳನ್ನು ಆಗಾಗ ಇಲ್ಲಿ ಕೂಡಿಡುತ್ತಿದ್ದರು. ಫ್ರೆಂಚರು, ಸ್ಪೇನಿನವರು, ಡಚ್ಚರು, ಅಮೆರಿಕದವರು ಎಲ್ಲರೂ ಇದ್ದರು. ಅಮೆರಿಕದವರನ್ನು ಮಾತ್ರ ಶತ್ರುಗಳೆನ್ನದೆ ದ್ರೋಹಿಗಳೆಂದು ಎಣಿಸಿ, ಅವರಿಗೆ ಉಳಿದವರಿಗಿಂತ ಕಡಮೆ ಬ್ರೆಡ್ಡು ಕೊಡುತ್ತಿದ್ದರಂತೆ. ಬಂದಿಗಳು ಮೂಳೆ, ಮರ, ಹುಲ್ಲುಗಳಿಂದ ಪೆಟ್ಟಿಗೆ ಆಟಿಕೆಗಳನ್ನು ಮಾಡಿ ಊರವರಿಗೆ ಮಾರಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಅವರು ಕೆತ್ತಿದ ಮರದ ಬಾಗಿಲುಗಳು ಉಳಿದಿವೆ: ಒಂದು ಕಡೆ ಹಡಗು, ಒಂದು ಕಡೆ ಹೆಸರು, ಇನ್ನೊಂದು ಕಡೆ ಆಗತಾನೆ ಹುಟ್ಟಿದ್ದ ಅಮೆರಿಕದ ನಕ್ಷತ್ರಪಟ್ಟೆಗಳ ಬಾವುಟ. ೧೮೦೫ರ ಟ್ರಫಾಲ್ಗರ್ ಕದನದಲ್ಲಿ ಸಿಕ್ಕಿದ ಐದು ವರ್ಷದ ನಗಾರಿ ಹುಡುಗನೊಬ್ಬನೂ ಇಲ್ಲಿ ಸೆರೆಯಲ್ಲಿದ್ದ. ೧೮೧೧ರಲ್ಲಿ ೪೯ ಮಂದಿ ಗೋಡೆ ಕೊರೆದು, ಹಗ್ಗ ಹಿಡಿದು ಪ್ರಪಾತಕ್ಕೆ ಇಳಿದು ತಪ್ಪಿಸಿಕೊಂಡರು.

ಈ ನೆಲಮಾಳಿಗೆಯನ್ನು ೧೭೮೧ರಲ್ಲಿ ಹೇಗಿತ್ತೋ ಹಾಗೆ ಕಾಣುವಂತೆ ಈಗ ಸಜ್ಜುಗೊಳಿಸಿದ್ದಾರೆ. ಆ ಇಸವಿಯನ್ನು ಓದಿದ ಕೂಡಲೆ ನನಗೆ ಹುಡುಗನ ಮಾತು ಅರ್ಥವಾಯಿತು. ಅದೇ ೧೭೮೧ರಲ್ಲಿ ಎಡಿನ್‌ಬರೋದ ಪಕ್ಕದ ಸೀಮೆಯವನೊಬ್ಬ ಕಾವೇರಿಯ ನಡುಗಡ್ಡೆಯಲ್ಲಿ ಬೇಡಿ ತೊಟ್ಟು ಕುಳಿತಿದ್ದ.

ಅವನ ಹೆಸರು ಡೇವಿಡ್ ಬೇರ್ಡ್. ಹುಟ್ಟಿದ್ದು ೧೭೫೭ರ ಡಿಸೆಂಬರಿನಲ್ಲಿ. ಅಂದರೆ, ಈ ನೆಲಮಾಳಿಗೆಗೆ ಮೊದಲ ಫ್ರೆಂಚ್ ನಾವಿಕರು ಬಂದ ವರ್ಷದಲ್ಲಿಯೇ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಫ್ರಾನ್ಸು ೧೭೭೮ರಲ್ಲಿ ಅಮೆರಿಕದ ಕಡೆ ಸೇರಿತು. ಆ ಜಗಳ ನಮ್ಮ ದೇಶಕ್ಕೂ ಹಬ್ಬಿ, ಫ್ರೆಂಚರ ಮಾಹೆಯನ್ನು ಇಂಗ್ಲಿಷರು ೧೭೭೯ರಲ್ಲಿ ಹಿಡಿದರು. ಆ ಬಂದರಿನ ಮೂಲಕ ಸಾಮಗ್ರಿ ತರಿಸುತ್ತಿದ್ದ ಹೈದರಲಿ ಕೆರಳಿದ. ೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಮೈಸೂರಿನವರ ಕೈಯಲ್ಲಿ ನುಚ್ಚುನೂರಾಯಿತು. ಗಾಯಗೊಂಡು ಸಿಕ್ಕಿದವರಲ್ಲಿ ೨೨ ವರ್ಷದ ಕ್ಯಾಪ್ಟನ್ ಬೇರ್ಡನೂ ಒಬ್ಬ. ೧೭೮೪ರ ಮಂಗಳೂರು ಒಪ್ಪಂದದವರೆಗೆ ಅವನು ಶ್ರೀರಂಗಪಟ್ಟಣದಲ್ಲಿ ಬಂದಿ. ಬೇಲಿ ೧೭೮೨ರಲ್ಲಿ ಸೆರೆಯಲ್ಲಿಯೇ ಸತ್ತ. ಸೆರೆಯಾಳುಗಳನ್ನು ಇಬ್ಬಿಬ್ಬರಾಗಿ ಬಿಗಿದಿದ್ದಾರೆಂದು ಕೇಳಿದ ಬೇರ್ಡನ ತಾಯಿ, ತನ್ನ ಮುಂಗೋಪಿ ಮಗನ ಜೊತೆಗೆ ಬಿಗಿಸಿಕೊಂಡವನ ಗತಿಯನ್ನು ನೆನೆದು ಮರುಗಿದಳಂತೆ!

ಅಂದರೆ ಒಂದೇ ಯುದ್ಧದ ಎರಡು ಸೆರೆಮನೆಗಳು: ಇಲ್ಲಿ ಫ್ರೆಂಚ್ ತಾಯಿಯ ಮಗ, ಅಲ್ಲಿ ಸ್ಕಾಟ್ ತಾಯಿಯ ಮಗ. ಎರಡೂ ಒಂದೇ ತೆರನಾಗಿದ್ದವೆಂದು ನಾನು ಹೇಳುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಬೇಡಿಯಿತ್ತು, ಕೆಲವರನ್ನು ಬಲವಂತದಿಂದ ಮತ ಬದಲಿಸಿ ಸೈನ್ಯಕ್ಕೆ ಸೇರಿಸಿದ್ದೂ ಉಂಟು. ಆದರೆ ಬಿಡುಗಡೆಯಾದವರು ಬರೆದ ವೃತ್ತಾಂತಗಳನ್ನು ಓದಿ ಮೈಸೂರಿನ ಕ್ರೌರ್ಯಕ್ಕಾಗಿ ಕೆರಳಿದ ಬ್ರಿಟಿಷರಲ್ಲಿ ಎಷ್ಟು ಮಂದಿ ತಮ್ಮ ಕೋಟೆಯ ಈ ಕತ್ತಲನ್ನು ನೆನೆದಿದ್ದಾರು? ಬೇರ್ಡ್ ಸತ್ತ ಮೇಲೆ ಅವನ ಹೆಂಡತಿ ಡೇವಿಡ್ ವಿಲ್ಕಿ ಎಂಬ ಕಲಾವಿದನಿಂದ ಒಂದು ಭಾರಿ ಚಿತ್ರ ಬರೆಸಿದಳು. ೧೮೩೯ರಲ್ಲಿ ಮುಗಿದ ಆ ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗಳ ಸೊತ್ತು. ಪಂಜಿನ ಬೆಳಕಿನಲ್ಲಿ ಬೇರ್ಡ್ ಎತ್ತರವಾಗಿ ನಿಂತಿದ್ದಾನೆ. ಕೆಳಗೆ ಟಿಪ್ಪುವಿನ ದೇಹ. ಬೇರ್ಡನ ಕಾಲಡಿಯಲ್ಲಿ ಕಬ್ಬಿಣದ ಸರಳುಗಳ ಒಂದು ಕಿಂಡಿ: ಅವನು ಹಿಂದೆ ಬಂದಿಯಾಗಿದ್ದ ಕತ್ತಲಕೋಣೆಯ ಗುರುತು. ಸೆರೆಯ ನೆನಪು ಸೇಡಿನ ಸಮರ್ಥನೆಯಾದದ್ದು ಹೀಗೆ.

ನಾನು ಮಾತ್ರ ಇನ್ನೇನು ಮಾಡಿದ್ದೆ? ಶ್ರೀರಂಗಪಟ್ಟಣದ ಬೇಲಿ ಸೆರೆಮನೆಯ ಮುಂದೆ ಹುಡುಗರನ್ನು ನಿಲ್ಲಿಸಿ, ಇಂಗ್ಲಿಷರನ್ನು ನಮ್ಮವರು ಇಲ್ಲಿ ಕಟ್ಟಿಹಾಕಿದ್ದರೆಂದು ಹೆಮ್ಮೆಯಿಂದ ಹೇಳಿದ್ದೇನೆ. ಹುಡುಗರು ನಕ್ಕಿದ್ದಾರೆ, ಫೋಟೋ ತೆಗೆಸಿಕೊಂಡಿದ್ದಾರೆ. ಆ ಗೋಡೆಗೆ ಒರಗಿದವರು ಏನು ತಿಂದರು, ಯಾರನ್ನು ನೆನೆದರು ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳುವಂತೆ ನಾನು ಹೇಳಿಕೊಡಲಿಲ್ಲ.

ಮೇಲೆ ಬಂದು ಬಿಸಿಲಿಗೆ ನಿಂತಿದ್ದೆವು. "ಗಡಿಯಾರ ಸರಿಮಾಡಿಕೊಳ್ಳಿ ಮಾವ" ಎಂದ ಹುಡುಗ. ಅಷ್ಟರಲ್ಲಿ ಢಮ್ಮೆಂದು ಫಿರಂಗಿ ಹಾರಿತು. ಹಡಗಿನವರಿಗೆ ವೇಳೆ ತಿಳಿಸುವುದಕ್ಕಾಗಿ ೧೮೬೧ರಲ್ಲಿ ಆರಂಭವಾದ ಪದ್ಧತಿ. ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ. ೧೭೯೯ರ ಮೇ ೪ರಂದು ಅದೇ ಬೇರ್ಡ್ ಕತ್ತಿ ಹಿರಿದು ಶ್ರೀರಂಗಪಟ್ಟಣದ ಒಡೆದ ಗೋಡೆಯ ಮೇಲೆ ಸೈನ್ಯ ನುಗ್ಗಿಸಿದ್ದೂ ಸುಮಾರು ಆ ಹೊತ್ತಿಗೇ. ಸುತ್ತಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ತಟ್ಟಬೇಕೆನಿಸಲಿಲ್ಲ.

ಈ ವರ್ಷವೂ ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಬೇಕು. ಬೇಲಿ ಸೆರೆಮನೆಯ ಮೆಟ್ಟಲಿನ ಮೇಲೆ ಕೂರಿಸಿ, ಪೊಳ್ಳಿಲೂರಿನ ಗೆಲುವನ್ನು ಹೇಳಿಯೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು, ದೂರದ ಬಂಡೆಯ ಮೇಲಿನ ಕೋಟೆಯೊಂದರಲ್ಲಿ ಬಾಗಿಲ ಹಲಗೆಯ ಮೇಲೆ ತನ್ನ ಹಡಗನ್ನು ಕೆತ್ತುತ್ತ ಕುಳಿತಿದ್ದ ಒಬ್ಬ ನಾವಿಕನ ಕಥೆಯನ್ನು ಹೇಳಬೇಕೆಂದಿದ್ದೇನೆ.