ಸುಗಂಧ ಸಸ್ಯಸಾರಗಳಿಂದ ಕಳೆ ನಿಯಂತ್ರಣ

ಸುಗಂಧ ಸಸ್ಯಸಾರಗಳಿಂದ ಕಳೆ ನಿಯಂತ್ರಣ ಎಂದರೆ ನಿಂಬೆಹುಲ್ಲು, ಓಮ, ಲವಂಗ, ನೀಲಗಿರಿ ಮುಂತಾದ ಪರಿಮಳಯುಕ್ತ ಸಸ್ಯಗಳ ಎಣ್ಣೆ ಅಥವಾ ಕಷಾಯವನ್ನು ಬಳಸಿ ಧಾನ್ಯದ ಬೆಳೆಗಳಲ್ಲಿ ಕಳೆಯನ್ನು ತಡೆಯುವ ವಿಧಾನ. ಒಂದು ಸಸ್ಯವು ಹೊರಸೂಸುವ ರಾಸಾಯನಿಕಗಳು ಮತ್ತೊಂದು ಸಸ್ಯದ ಬೆಳವಣಿಗೆಯ ಮೇಲೆ ಪರಿಣಾಮ ಬೀರುವುದೇ ಇದರ ಆಧಾರ. ಈ ವಿದ್ಯಮಾನಕ್ಕೆ 1937ರಲ್ಲಿ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ ಅಲೆಲೋಪತಿ ಎಂಬ ಹೆಸರನ್ನಿತ್ತರು.

ಕಾರ್ಯವಿಧಾನ

ನಿಂಬೆಹುಲ್ಲಿನ ಸಿಟ್ರಾಲ್, ಓಮದ ಥೈಮಾಲ್, ಲವಂಗದ ಯೂಜಿನಾಲ್ ಮತ್ತು ನೀಲಗಿರಿಯ ಸಿನಿಯೋಲ್ ಇಲ್ಲಿನ ಮುಖ್ಯ ಅಂಶಗಳು. ಇವು ಬೀಜದ ಮೊಳಕೆಯನ್ನೂ ಎಳೆಬೇರಿನ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತವೆ. ಎಲೆಯ ಮೇಲೆ ಬಿದ್ದಾಗ ಜೀವಕೋಶದ ಪೊರೆ ಹಾಳಾಗಿ ಎಲೆ ಸುಟ್ಟಂತೆ ಒಣಗುತ್ತದೆ.

ಧಾನ್ಯದ ಬೆಳೆಗಳಲ್ಲಿ ಬಳಕೆ

ಸಸ್ಯಮೂಲದ ಅಣುಗಳು ಆಧುನಿಕ ಕಳೆನಾಶಕಗಳಿಗೂ ಮಾದರಿಯಾಗಿವೆ. ಸಿನಿಯೋಲ್ ರಚನೆಯನ್ನು ಹೋಲುವ ಸಿನ್‌ಮೆಥಿಲಿನ್ 1980ರ ದಶಕದಲ್ಲಿ ಭತ್ತದ ಬೆಳೆಗೆ ಬಂದಿತು. ಬಾಟಲ್‌ಬ್ರಷ್ ಗಿಡದ ಲೆಪ್ಟೋಸ್ಪರ್ಮೋನ್ ಎಂಬ ವಸ್ತುವಿನ ಅಧ್ಯಯನದಿಂದ ಮೆಕ್ಕೆಜೋಳದಲ್ಲಿ ಬಳಸುವ ಮೀಸೋಟ್ರಯೋನ್ ರೂಪುಗೊಂಡಿತು. ಆದರೆ ಇವೆರಡೂ ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕಗಳೇ ಹೊರತು ಸಸ್ಯಸಾರಗಳಲ್ಲ.

ಮಲೆನಾಡಿನ ಸಂದರ್ಭ

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂತಹ ಊರುಗಳಿರುವ ಘಟ್ಟದಂಚಿನ ಪ್ರದೇಶದಲ್ಲಿ ಕಾಫಿ, ಏಲಕ್ಕಿಯೊಂದಿಗೆ ಕಣಿವೆಯ ಗದ್ದೆಗಳಲ್ಲಿ ಭತ್ತ ಬೆಳೆಯುವ ಪದ್ಧತಿಯಿದೆ. ನಾಟಿಯ ನಂತರದ ಮೊದಲ ವಾರಗಳಲ್ಲಿ ಕಳೆ ಹೆಚ್ಚಾದರೆ ಇಳುವರಿ ಕುಸಿಯುತ್ತದೆ. ಕೈಯಿಂದ ಕಳೆ ಕೀಳಲು ಆಳುಗಳು ಬೇಕು. ಗದ್ದೆಗೆ ಹಾಕಿದ ಕಳೆನಾಶಕವು ಮಳೆನೀರಿನೊಡನೆ ಹಳ್ಳಗಳನ್ನು ಸೇರಿದರೆ ಮೀನು, ಕಪ್ಪೆಗಳಿಗೂ ಕುಡಿಯುವ ನೀರಿಗೂ ಅಪಾಯ. ಬೇಗ ಕೊಳೆತು ನಶಿಸುವ ಸಸ್ಯಸಾರಗಳತ್ತ ಆಸಕ್ತಿ ಮೂಡಲು ಇದೇ ಕಾರಣ.

ಮಿತಿಗಳು

ಬೇಗ ನಶಿಸುವ ಗುಣವೇ ಇವುಗಳ ದೌರ್ಬಲ್ಯವೂ ಹೌದು. ಎಣ್ಣೆಗಳು ಗಾಳಿಯಲ್ಲಿ ಆವಿಯಾಗುತ್ತವೆ. ಜೋರು ಮಳೆಗೆ ಸಿಂಪಡಣೆ ತೊಳೆದುಹೋಗುತ್ತದೆ. ಗದ್ದೆಯಲ್ಲಿ ನಿಂತ ನೀರು ಸಾರವನ್ನು ತೆಳುವಾಗಿಸುತ್ತದೆ. ಜೇಕಿನ ಎಲೆ ಒಣಗಿದರೂ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಕಾಡುಸಾವೆಯಂತೆ ಭತ್ತವೂ ಹುಲ್ಲಿನ ಜಾತಿಗೇ ಸೇರಿರುವುದರಿಂದ, ಕಳೆಯನ್ನು ಕೊಲ್ಲುವ ಪ್ರಮಾಣವು ಪೈರಿಗೂ ಹಾನಿ ಮಾಡಬಹುದು. ಸ್ವಲ್ಪ ಎಣ್ಣೆಗೂ ರಾಶಿ ಸೊಪ್ಪು ಬೇಕಾಗುವುದರಿಂದ ವೆಚ್ಚ ಹೆಚ್ಚು. ನೈಸರ್ಗಿಕವೆಂದ ಮಾತ್ರಕ್ಕೆ ಇವು ನಿರಪಾಯಕಾರಿಯಲ್ಲ. ಗಾಢ ಎಣ್ಣೆಗಳು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತವೆ.

ಆದಕಾರಣ ಸಸ್ಯಸಾರಗಳು ಕಳೆ ಕೀಳುವಿಕೆಗೆ ಪೂರ್ಣ ಬದಲಿಯಲ್ಲ. ಸರಿಯಾದ ಉಳುಮೆ, ಸಮತಟ್ಟಾದ ಗದ್ದೆಯಲ್ಲಿ ನೀರು ನಿಲ್ಲಿಸುವುದು, ಸಾಲುನಾಟಿ ಹಾಗೂ ಕಳೆ ತೆಗೆಯುವ ಕೈಯಂತ್ರದ ಬಳಕೆಗೆ ಇವು ಪೂರಕವಾಗಬಲ್ಲವು.