ಡಗ್ಗಾ: ಅಂಗೈ ಒತ್ತಿದಂತೆ ಬಾಗುವ ನಾದ

ಹಿಂದೂಸ್ತಾನಿ ಸಂಗೀತದ ನೆಲೆಯೆನಿಸಿದ ಹುಬ್ಬಳ್ಳಿ-ಧಾರವಾಡದಲ್ಲಿ ಗಾಯಕರಿಗೆ ದೊರೆತ ಖ್ಯಾತಿ ಬಸವರಾಜ ಬೆಂಡಿಗೇರಿ, ರಘುನಾಥ ನಾಕೋಡ ಅವರಂಥ ತಬಲಾವಾದಕರಿಗೂ ದೊರೆತದ್ದು ಕಡಿಮೆ. ತಬಲಾ ಜೋಡಿಯಲ್ಲಿಯೂ ಬಲಗೈಯ ತಬಲೆಯೇ ಕಿವಿ ಸೆಳೆಯುತ್ತದೆ. ಆದರೆ ಸ್ವರವನ್ನು ಕೈಯಿಂದಲೇ ಮಣಿಸಬಹುದಾದದ್ದು ಎಡಗೈಯ ಡಗ್ಗಾ.

ಎರಡರ ಚರ್ಮದ ಮೇಲೂ ಅನ್ನದ ಅಂಟು ಹಾಗೂ ಕಬ್ಬಿಣದ ಪುಡಿ ಬೆರೆತ ಕಪ್ಪು ಲೇಪ, ಅಂದರೆ ಶಾಯಿ, ಇರುತ್ತದೆ. ಅದನ್ನು ಪದರ ಪದರವಾಗಿ ಹಚ್ಚಿ ಕಲ್ಲಿನಿಂದ ಉಜ್ಜುತ್ತಾರೆ. ಆಗ ಮೂಡುವ ಸೂಕ್ಷ್ಮ ಬಿರುಕುಗಳು ದೋಷವಲ್ಲ. ಲೇಪವಿದ್ದೂ ಚರ್ಮ ಬಳುಕುವುದು ಅವುಗಳಿಂದಲೇ. ಬರಿ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಲೇಪದ ಭಾರ ಅವುಗಳನ್ನು ಹೊಂದಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು.

ತಬಲೆಯ ಶಾಯಿ ನಡುವಿನಲ್ಲಿ, ಡಗ್ಗಾದ್ದು ಒಂದು ಬದಿಗೆ. ತೆರವಾದ ಚರ್ಮದ ಮೇಲೆ ಅಂಗೈಯ ಬುಡವನ್ನೂರಿ, ಬೆರಳಿನಿಂದ ಬಾರಿಸಿ, ಒತ್ತುತ್ತ ಜಾರಿಸಿದರೆ 'ಘೇ' ಎಂಬ ನಾದ ಮೇಲೇರುತ್ತದೆ. ಪಖವಾಜದ ಎಡಮುಖಕ್ಕಾದರೆ ನುಡಿಸುವ ಮುನ್ನ ನಾದಿದ ಗೋಧಿಹಿಟ್ಟನ್ನೇ ಮೆತ್ತಬೇಕು.

ಗಂಗೂಬಾಯಿ ಹಾನಗಲ್ (1913–2009) ಅವರ ಕಿರಾಣಾ ಶೈಲಿಯ ವಿಲಂಬಿತ ಖ್ಯಾಲಿನಲ್ಲಿ ಮಾತ್ರೆಗಳ ನಡುವಿನ ಅಂತರ ದೀರ್ಘ. ಅದನ್ನು ತುಂಬುವುದು ಈ ಬಾಗುವ ನಾದ. ಬೆಂಗಳೂರಿನ ರಾಡೆಲ್ ಸಂಸ್ಥೆಯ 'ತಾಳಮಾಲಾ' ಯಂತ್ರ ಠೇಕಾವನ್ನು ತಪ್ಪದೆ ನುಡಿಸುತ್ತದೆ; ಮನೆಯ ರಿಯಾಜಿಗೆ ಅಷ್ಟು ಸಾಕು. ಗಾಯಕರ ಉಸಿರು ಕೇಳಿ ಒತ್ತನ್ನು ಸಡಿಲಿಸಲು ಮಾತ್ರ ಅದಕ್ಕೆ ಅಂಗೈಯಿಲ್ಲ.

ಚರ್ಮವಾದ್ಯಕ್ಕೂ ಕಷ್ಟಗಳಿವೆ. ಧಾರವಾಡದ ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಳ್ಳುವುದರಿಂದ, ಕಛೇರಿಗೆ ಮುನ್ನ ಸುತ್ತಿಗೆ ಹಿಡಿದು ಶ್ರುತಿಗೂಡಿಸುವ ಕೆಲಸ ಆಗ ಹೆಚ್ಚು ಹೊತ್ತು ಹಿಡಿಯುತ್ತದೆ.