ಮುಂದಿನ ಎರಡು ಚಕ್ರ ಮತ್ತು ಮಳೆಗಾಲದ ಏರು: ಕುಟುಂಬದ ಕಾರಿನ ಆಯ್ಕೆ ಕುರಿತು ಒಂದು ಟಿಪ್ಪಣಿ

ಮಲೆನಾಡಿನ ಮನೆಗಳಲ್ಲಿ ಹೊಸ ಕಾರಿನ ಮಾತು ಬಂದಾಗ ಫೋರ್ ವ್ಹೀಲ್ ಡ್ರೈವ್ ಬೇಕೋ ಬೇಡವೋ ಎಂಬ ಚರ್ಚೆ ಎದ್ದೇ ಏಳುತ್ತದೆ. ಘಟ್ಟ ಹತ್ತಿ ಇಳಿಯುವವರಿಗೆ ಬೇಕೇ ಬೇಕು ಎನ್ನುವವರು ಒಂದು ಕಡೆ, ದುಡ್ಡು ದಂಡ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾರನ್ನು ನೋಡಿ ಮಾತಾಡುತ್ತಾರೆ. ದಾರಿಯನ್ನು ಅಳೆದು ಮಾತಾಡುವವರು ವಿರಳ. ಈ ಟಿಪ್ಪಣಿ ದಾರಿಯಿಂದ ಶುರುವಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ, ಡಾಂಬರು ರಸ್ತೆ ಬಿಟ್ಟು ಒಂಟಿ ಮನೆಗೆ ಹೋಗುವ ಮಣ್ಣಿನ ದಾರಿಗಳು ಇನ್ನೂ ಇರುವ ಪ್ರದೇಶವೇ ಇದಕ್ಕೆ ತಕ್ಕ ಪ್ರಯೋಗಶಾಲೆ.

ಮೊದಲು ಸ್ವಲ್ಪ ಇತಿಹಾಸ. ನಮ್ಮ ಹಿಂದಿನ ತಲೆಮಾರಿನ ಕುಟುಂಬದ ಕಾರುಗಳಾದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಎರಡನ್ನೂ ಹಿಂದಿನ ಚಕ್ರಗಳು ದೂಡುತ್ತಿದ್ದವು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಎಳೆಸಿಕೊಳ್ಳುವ ಕಾರನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದಿತು. ಈ ವಿನ್ಯಾಸ ಗೆದ್ದಿದ್ದಕ್ಕೆ ಹಿಡಿತ ಮುಖ್ಯ ಕಾರಣವಾಗಿರಲಿಲ್ಲ. 1959ರ ಮಿನಿ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟದ್ದು ಒಳಗೆ ಜಾಗ ಉಳಿಸುವುದಕ್ಕೆ. ಹಿಂದಿನವರೆಗೆ ಓಡುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಿಂದೆ ಡಿಫರೆನ್ಶಿಯಲ್ ಇಲ್ಲ, ತೂಕ ಕಡಿಮೆ, ಖರ್ಚೂ ಕಡಿಮೆ. ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಬೀಳುವುದು ಅದರ ಜೊತೆಗೆ ಬಂದ ಲಾಭ. ಇದೇ ಲಾಭ ಎಲ್ಲಿ ಕೈಕೊಡುತ್ತದೆ ಎಂಬುದು ಈ ಟಿಪ್ಪಣಿಯ ತಿರುಳು.

ಲೆಕ್ಕಕ್ಕೆ ಒಂದು ಸಾಧಾರಣ ಕಾರನ್ನು ಊಹಿಸಿಕೊಳ್ಳೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಅಂತರ, ನೆಲದಿಂದ 0.6 ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರ. ಡ್ರೈವರ್ ಒಬ್ಬನೇ ಇದ್ದಾಗ ತೂಕದ ಶೇಕಡಾ 60 ಭಾಗ ಮುಂದಿನ ಚಕ್ರಗಳ ಮೇಲಿರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿದರೆ ಅದು ಸುಮಾರು 50ಕ್ಕೆ ಇಳಿಯುತ್ತದೆ. ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಜಗ್ಗುತ್ತದೆ. ಅಂದರೆ ಮನೆಮಂದಿಯೆಲ್ಲ ಕೂತು ಏರು ಹತ್ತುವಾಗಲೇ ಎಳೆಯುವ ಚಕ್ರಗಳು ಹಗುರಾಗುತ್ತವೆ. ಕಾರು ಕೊಳ್ಳುವ ಮೊದಲು ಷೋರೂಮಿನವರು ಕೊಡುವ ಟೆಸ್ಟ್ ಡ್ರೈವ್‌ನಲ್ಲಿ ಇದು ಗೊತ್ತಾಗುವ ಸಂಭವವೇ ಇಲ್ಲ.

ಒದ್ದೆ ಡಾಂಬರಿನ ಘರ್ಷಣ ಗುಣಾಂಕವನ್ನು 0.5 ಎಂದು ಹಿಡಿದರೆ, ಹೀಗೆ ತುಂಬಿದ ಕಾರು ಮುಂದಿನ ಚಕ್ರಗಳ ಬಲದಿಂದಲೇ ಶೇಕಡಾ 21ರ ಏರನ್ನು, ಅಂದರೆ ನೂರು ಮೀಟರಿಗೆ 21 ಮೀಟರ್ ಎತ್ತರವನ್ನು, ಹತ್ತಬಲ್ಲದು. ಗುಡ್ಡಗಾಡು ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಪರೂಪದ ಸಂದರ್ಭದಲ್ಲಿ ಒಪ್ಪುವ ಗರಿಷ್ಠ ಏರು ಶೇಕಡಾ 8. ಹೇರ್‌ಪಿನ್ ತಿರುವುಗಳ ಒಳ ಅಂಚು ಇದಕ್ಕಿಂತ ಕಡಿದಾಗಿರುವುದುಂಟು. ಆದರೂ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತುವುದಕ್ಕೆ ನಾಲ್ಕೂ ಚಕ್ರಗಳಿಗೆ ಶಕ್ತಿ ಬೇಕೆಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಮಣ್ಣಿನ ದಾರಿಗೆ ಇಳಿದರೆ ಚಿತ್ರ ಬದಲಾಗುತ್ತದೆ. ಆಷಾಢದ ಜೇಡಿಮಣ್ಣಿನಲ್ಲಿ ಗುಣಾಂಕ 0.25 ಎಂದುಕೊಳ್ಳೋಣ, ಕೆಸರು ಚಕ್ರವನ್ನು ಹಿಡಿದೆಳೆಯುವ ಪ್ರತಿರೋಧಕ್ಕೆ ತೂಕದ ಶೇಕಡಾ 5 ಕಳೆಯೋಣ. ಆಗ ತುಂಬಿದ ಫ್ರಂಟ್ ವ್ಹೀಲ್ ಕಾರು ಶೇಕಡಾ 7ರ ಏರಿಗೇ ಸೋಲುತ್ತದೆ. ನಾಲ್ಕೂ ಚಕ್ರ ತಿರುಗುವ ಕಾರು ಶೇಕಡಾ 20ರವರೆಗೆ ಹೋಗುತ್ತದೆ. ಡಾಂಬರಿನಲ್ಲಿ ಬಳಕೆಗೇ ಬಾರದ ಅನುಕೂಲ ಇಲ್ಲಿ ಸುಮಾರು ಮೂರು ಪಟ್ಟಿನ ಅಂತರವಾಗಿ ಎದುರಾಗುತ್ತದೆ. ಶಕ್ತಿಯಿಲ್ಲದ ಹಿಂದಿನ ಚಕ್ರಗಳು ಕೆಸರಿನಲ್ಲಿ ಬರೀ ಎಳೆಸಿಕೊಳ್ಳುವ ಹೊರೆಯಾಗುವುದೇ ಇದಕ್ಕೆ ಮುಖ್ಯ ಕಾರಣ.

ಇದೇ ಲೆಕ್ಕ ಹಳ್ಳಿಯ ಡ್ರೈವರುಗಳ ಒಂದು ಉಪಾಯವನ್ನೂ ಸಮರ್ಥಿಸುತ್ತದೆ. ಏರಿನಲ್ಲಿ ಚಕ್ರಗಳು ಗಿರಗಿರ ತಿರುಗಿ ಕಾರು ನಿಂತಾಗ ಜನರನ್ನೂ ಸಾಮಾನನ್ನೂ ಕೆಳಗಿಳಿಸಿ, ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಾರೆ. ರಿವರ್ಸಿನಲ್ಲಿ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ, ಭಾರ ಅವುಗಳ ಮೇಲೆ ಕೂರುತ್ತದೆ. ಹೊರೆ ಇಳಿದದ್ದರಿಂದ ಶೇಕಡಾ 7 ಇದ್ದದ್ದು 9 ದಾಟುತ್ತದೆ. ರಿವರ್ಸ್ ಸೇರಿದರೆ 10 ದಾಟುತ್ತದೆ. ಸೂತ್ರ ಗೊತ್ತಿಲ್ಲದೆ ಸೂತ್ರ ಬಳಸುವವರ ಬಗ್ಗೆ ನನಗೆ ಮೊದಲಿಂದಲೂ ಗೌರವ.

ನಿಲ್ಲಿಸುವ ವಿಷಯದಲ್ಲಿ ಮಾತ್ರ, ನಾಲ್ಕೂ ಚಕ್ರಗಳಿಗೆ ಶಕ್ತಿಯಿದ್ದರೆ ಕಾರು ಬೇಗ ನಿಲ್ಲುತ್ತದೆ ಎಂಬ ದೊಡ್ಡ ತಪ್ಪುಕಲ್ಪನೆಯಿದೆ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು 0.5ರ ಹಿಡಿತವಿರುವ ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. ಟಯರು ಸವೆದು ಹಿಡಿತ 0.35ಕ್ಕೆ ಇಳಿದರೆ 40 ಮೀಟರ್ ಬೇಕು. ಈ 12 ಮೀಟರನ್ನು ಯಾವ ಫೋರ್ ವ್ಹೀಲ್ ಡ್ರೈವೂ ತಂದುಕೊಡದು, ಒಳ್ಳೆಯ ಟಯರು ತಂದುಕೊಡುತ್ತದೆ. ಒಂದು ಅಪವಾದ ಉಂಟು: ಜಾರುವ ಮಣ್ಣಿನ ಇಳಿಜಾರಿನಲ್ಲಿ ಲೋ ಗೇರ್ (ವೇಗ ಇಳಿಸಿ ಬಲ ಹೆಚ್ಚಿಸುವ ಹೆಚ್ಚುವರಿ ಗೇರು) ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಸುವಾಗ ಆ ಹಿಡಿತ ನಾಲ್ಕು ಚಕ್ರಗಳಿಗೂ ಹಂಚಿಹೋಗುವುದು ನಿಜಕ್ಕೂ ಉಪಯುಕ್ತ.

ಫೋರ್ ವ್ಹೀಲ್ ಡ್ರೈವ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಯಂತ್ರಗಳಿವೆ. ಹಳೆಯ ಜೀಪು, 1985ರ ಜಿಪ್ಸಿ, 2023ರ ಜಿಮ್ನಿ, ಥಾರ್ ಇವುಗಳಲ್ಲಿ ಡ್ರೈವರೇ ಲಿವರ್ ಹಾಕಬೇಕು. ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕಾದ್ದರಿಂದ, ಒಣ ಡಾಂಬರಿನ ಮೇಲೆ ಹೀಗೆ ಓಡಿಸಿದರೆ ಹಲ್ಲುಚಕ್ರಗಳು ಬಿಗಿದು ನರಳುತ್ತವೆ. ಎರಡನೆಯ ಬಗೆ 2014ರಲ್ಲಿ ಬಂದ ಡಸ್ಟರ್‌ನ ಆಲ್ ವ್ಹೀಲ್ ಡ್ರೈವ್, 2022ರ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್‌ಗಳದು. ಮಾಮೂಲಿಯಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಅವು ಜಾರಿದಾಗ ವಿದ್ಯುನ್ಮಾನ ಕ್ಲಚ್ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಕುಟುಂಬಕ್ಕೆ ಇದು ಹಿತವಾದ ವ್ಯವಸ್ಥೆ. ಆದರೆ ಲೋ ಗೇರ್ ಇಲ್ಲ, ಮತ್ತು ಆಳ ಕೆಸರಿನಲ್ಲಿ ಬಹಳ ಹೊತ್ತು ಗುದ್ದಾಡಿದರೆ ಆ ಕ್ಲಚ್ ಬಿಸಿಯಾಗುತ್ತದೆ. ಮಲೆನಾಡಿನ ಜೀಪುಗಳವರು ನಾಲ್ಕು ಚಕ್ರದ ಶಕ್ತಿ ಇದ್ದೂ ಮಳೆಗಾಲದಲ್ಲಿ ಟಯರಿಗೆ ಚೈನು ಕಟ್ಟುವುದನ್ನು ನೋಡಿದರೆ, ಹಿಡಿತ ಕೊನೆಗೂ ಟಯರು ಮತ್ತು ಮಣ್ಣಿನ ನಡುವಿನ ವ್ಯವಹಾರ ಎಂದು ಅರ್ಥವಾಗುತ್ತದೆ.

ಎತ್ತರವಾಗಿ, ದಪ್ಪ ಮೈಕಟ್ಟಿನಿಂದ ಕಾಣುವ ಕಾರುಗಳಿಗೆಲ್ಲ ನಾಲ್ಕು ಚಕ್ರದ ಬಲ ಇದೆಯೆಂದು ನಂಬುವವರೂ ಇದ್ದಾರೆ. ಭಾರತದಲ್ಲಿ ಮಾರಾಟವಾದ ಕ್ರೆಟಾ, ನೆಕ್ಸಾನ್ ಫ್ರಂಟ್ ವ್ಹೀಲ್ ಡ್ರೈವ್‌ಗಳೇ. ನೆಲದಿಂದ ಎತ್ತರ ಇದ್ದರೆ ಕಲ್ಲು ತಗಲದು. ಏರು ಹತ್ತುವುದು ಬೇರೆಯೇ ವಿಷಯ.

ಖರ್ಚಿನ ಲೆಕ್ಕ ಬೇಗ ಮುಗಿಯುತ್ತದೆ. 2022ರಲ್ಲಿ ಬಂದ 1.5 ಲೀಟರ್ ಮ್ಯಾನುಯಲ್ ಗ್ರ್ಯಾಂಡ್ ವಿಟಾರಾದ ಪ್ರಮಾಣಿತ ಮೈಲೇಜು ಫ್ರಂಟ್ ವ್ಹೀಲ್‌ನಲ್ಲಿ ಲೀಟರಿಗೆ 21.11 ಕಿಲೋಮೀಟರ್, ಆಲ್ ವ್ಹೀಲ್‌ನಲ್ಲಿ 19.38 ಇತ್ತು. ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ ವ್ಯತ್ಯಾಸ ಸುಮಾರು 51 ಲೀಟರ್ ಪೆಟ್ರೋಲು. ಅದಕ್ಕಿಂತ ಕಿರಿಕಿರಿಯ ಸಂಗತಿ ಟಯರಿನದು: ಒಂದು ಟಯರು ಹಾಳಾಗಿ ಹೊಸದು ಹಾಕಿದರೆ, ಹಳೆಯವುಗಳೊಂದಿಗಿನ ಸುತ್ತಳತೆಯ ವ್ಯತ್ಯಾಸ ಆಲ್ ವ್ಹೀಲ್ ಡ್ರೈವಿನ ಕ್ಲಚ್ಚಿಗೆ ಸದಾ ಕೆಲಸ ಕೊಡುತ್ತದೆ. ಹಾಗಾಗಿ ನಾಲ್ಕೂ ಟಯರುಗಳನ್ನು ಒಟ್ಟಿಗೇ ಬದಲಿಸಬೇಕಾಗಿ ಬರುತ್ತದೆ.

ಹಾಗಾದರೆ ಅಳೆಯಬೇಕಾದದ್ದು ಮನೆಯ ದಾರಿಯನ್ನು. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ಮತ್ತು ಒಂದು ಟೇಪು ಸಾಕು. ಅತಿ ಕಡಿದಾದ ಕಡೆ ಹತ್ತು ಮೀಟರ್ ಉದ್ದಕ್ಕೆ ಎಷ್ಟು ಎತ್ತರ ಬಂತು ನೋಡಬೇಕು. 70 ಸೆಂಟಿಮೀಟರಿನ ಒಳಗಿದ್ದರೆ ಚಿಂತೆಯಿಲ್ಲ. ಒಂದು ಮೀಟರಿನವರೆಗೆ ಹೊರೆ ಇಳಿಸಿ ರಿವರ್ಸಿನಲ್ಲಿ ಹತ್ತಿಸುವ ಉಪಾಯ ನಡೆಯುತ್ತದೆ. ಒಂದರಿಂದ ಎರಡು ಮೀಟರಿನ ನಡುವೆ ಇದ್ದರೆ ಮಣ್ಣಿನಲ್ಲಿ ಫೋರ್ ವ್ಹೀಲ್ ಡ್ರೈವೇ ಬೇಕು, ಆದರೆ ಅದಕ್ಕೆ ಮೊದಲು ಇನ್ನೊಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು: ಆ ಏರಿನಲ್ಲಷ್ಟೇ ಚಕ್ರ ಹಾಯುವ ಎರಡು ಪಟ್ಟಿಗೆ ಅಡ್ಡಗೆರೆ ಎಳೆದ ಕಾಂಕ್ರೀಟ್ ಹಾಕಿದರೆ ಹಿಡಿತ 0.6ರ ಹತ್ತಿರ ಬರುತ್ತದೆ. ಆಗ ತುಂಬಿದ ಫ್ರಂಟ್ ವ್ಹೀಲ್ ಕಾರು ಶೇಕಡಾ 25ರ ಏರನ್ನು ಹತ್ತುತ್ತದೆ, ಮಣ್ಣಿನಲ್ಲಿ ಫೋರ್ ವ್ಹೀಲ್ ಹತ್ತುವುದಕ್ಕಿಂತ ಹೆಚ್ಚು. ಹಾಲಿನ ವ್ಯಾನಿಗೂ ಆಂಬುಲೆನ್ಸಿಗೂ ಅದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಈ ಕಾರಣಕ್ಕೆ, ಬಹುಪಾಲು ಮನೆಗಳಿಗೆ ಫ್ರಂಟ್ ವ್ಹೀಲ್ ಕಾರು ಮತ್ತು ಎರಡು ಕಾಂಕ್ರೀಟ್ ಪಟ್ಟಿಯೇ ಸರಿಯಾದ ಜೋಡಿ ಎಂಬುದು ನನ್ನ ಅಭಿಪ್ರಾಯ.

ಎಲ್ಲರಿಗೂ ಅದು ಸಾಧ್ಯವಾಗದು. ದಾರಿ ಪಕ್ಕದವರ ತೋಟದೊಳಗಿಂದ ಹಾದಿರಬಹುದು. ಅರಣ್ಯ ಭೂಮಿಯಲ್ಲಿದ್ದರೆ ಅರಣ್ಯ ಸಂರಕ್ಷಣೆಯ 1980ರ ಕಾಯ್ದೆ ಅಡ್ಡ ಬರುತ್ತದೆ, ಅನುಮತಿಯಿಲ್ಲದೆ ಕಾಂಕ್ರೀಟ್ ಹಾಕುವಂತಿಲ್ಲ. ಅಂಥ ಮನೆಗಳಿಗೆ ಫೋರ್ ವ್ಹೀಲ್ ಡ್ರೈವ್ ಷೋಕಿಯಲ್ಲ. ಅವರು ಮುಂದೆ ಕೇಳಬೇಕಾದ ಪ್ರಶ್ನೆ ಸೀಟುಗಳದು: ಲೋ ಗೇರ್ ಇರುವ ಜಿಮ್ನಿಯಲ್ಲಿ ನಾಲ್ಕೇ ಜನ ಕೂರಬಹುದು, ಅಜ್ಜ ಅಜ್ಜಿ ಸೇರಿ ಆರು ಜನರಿರುವ ಮನೆಯಾದರೆ ಸ್ಕಾರ್ಪಿಯೊ ಎನ್‌ನ ಫೋರ್ ಬೈ ಫೋರ್ ಮಾದರಿಯಂಥ ದೊಡ್ಡ ಡೀಸೆಲ್ ಗಾಡಿಯನ್ನೇ ನೋಡಬೇಕಾಗುತ್ತದೆ.